ಕೊಳೆರೋಗ ಅಂದರೆ ಯಾವ ಕೊಳೆ? ಹೆಸರು ನಂಬಿ ಮದ್ದು ಹೊಡೆದವನ ಕತೆ

ಕೆಲವು ವರ್ಷದ ಹಿಂದಿನ ಮಾತು. ಜುಲೈ ತಿಂಗಳು. ಹನ್ನೆರಡು ದಿನ ಬಿಡದೆ ಮಳೆ. ಹದಿಮೂರನೇ ದಿನ ಸ್ವಲ್ಪ ಹೊಳವಾಯಿತು ಅಂತ ತೋಟಕ್ಕಿಳಿದೆ. ತೋಡಿನ ಪಕ್ಕದ ತಗ್ಗಿನಲ್ಲಿ ರೊಬಸ್ಟಾ ಗಿಡಗಳ ಎಲೆ ಕಪ್ಪಾಗಿದ್ದವು. ಕಪ್ಪಾದ ಎಲೆ ಕೆಳಗೆ ಬಿದ್ದಿರಲಿಲ್ಲ. ನೂಲಿನಲ್ಲಿ ಕಟ್ಟಿದ ಹಾಗೆ ರೆಕ್ಕೆಗೆ ಜೋತಾಡುತ್ತಿದ್ದವು. ಮುಟ್ಟಿದರೆ ಕೈಗೆ ಲೋಳೆ. ಕೊಳೆರೋಗ ಅಂತ ನೋಡಿದ ಕೂಡಲೇ ಗೊತ್ತಾಯಿತು.

ನಮ್ಮದು ತಿತಿಮತಿ. ಎರಡೂವರೆ ಎಕರೆ ಕಾಫಿ, ನೆರಳು ಮರಕ್ಕೆ ಹಬ್ಬಿಸಿದ ಒಳ್ಳೆಮೆಣಸು, ಗದ್ದೆ ಬದಿಯಲ್ಲಿ ಒಂದಷ್ಟು ಅಡಿಕೆ. ಅಪ್ಪನ ಕಾಲದಲ್ಲಿ ಕೊಳೆ ಬಂದರೆ ಎಲೆ ಕೀಳಿಸಿ ಗುಂಡಿಗೆ ಹಾಕಿ ಮಣ್ಣು ಮುಚ್ಚಿಸುತ್ತಿದ್ದರು. ನನಗೆ ಅಷ್ಟು ವ್ಯವಧಾನ ಇರಲಿಲ್ಲ, ಆಳೂ ಸಿಗಲಿಲ್ಲ. ರಾತ್ರಿ ಪುತ್ತೂರಿನ ಭಾವನಿಗೆ ಫೋನ್ ಮಾಡಿದೆ. ತಂಗಿಯನ್ನು ಕೊಟ್ಟ ಮನೆ. ಭಾವ ಒಳ್ಳೆ ಕೃಷಿಕ, ಕೊಳೆರೋಗದ ಜೊತೆ ಮೂವತ್ತು ವರ್ಷ ಗುದ್ದಾಡಿದವರು.

"ಭಾವ, ಕೊಳೆರೋಗ ಜೋರುಂಟು. ಎಂತ ಮಾಡ್ಲಿ?"

"ನಮ್ಮಲ್ಲಿಯೂ ಹೋದ ವರ್ಷ ಜೋರಿತ್ತು. ಈ ಸಲ ಮ್ಯಾಂಡಿಪ್ರೊಪಮಿಡ್ ಅಂತ ಒಂದು ದ್ರಾವಣ ಬಿಟ್ಟದ್ದು. ಲೀಟರಿಗೆ ಒಂದು ಮಿಲಿ. ರೇಟು ಸ್ವಲ್ಪ ಹೆಚ್ಚು. ಆದರೆ ನಿಂತಿದೆ ಮಾರಾಯ್ರೆ!"

ಚೀಟಿಯಲ್ಲಿ ಬರೆದುಕೊಂಡೆ. ಪೇಟೆಗೆ ಹೋಗಿ ತಂದೆ. ಮಳೆ ಬಿಟ್ಟ ಎರಡು ದಿನ ನೋಡಿ ಹೊಡೆಸಿದೆ. ಮದ್ದಿನ ದುಡ್ಡು, ಆಳಿನ ಕೂಲಿ, ಪಂಪಿನ ಬಾಡಿಗೆ ಎಲ್ಲ ಸೇರಿ ಆ ತಿಂಗಳು ಮನೆಖರ್ಚಿಗೆ ಇಟ್ಟಿದ್ದೆಲ್ಲ ಖಾಲಿ. ವಾರ ಕಳೆದು ಹೋಗಿ ನೋಡಿದರೆ ಕೊಳೆ ಇನ್ನೊಂದು ಸಾಲಿಗೆ ದಾಟಿತ್ತು. ಕಾಯಿ ಗೊಂಚಲೂ ಕಪ್ಪಾಗಿ ಉದುರತೊಡಗಿತ್ತು.

ಭಾವ ಸುಳ್ಳು ಹೇಳಿರಲಿಲ್ಲ. ಅಂಗಡಿಯವನು ಕಳಪೆ ಮಾಲು ಕೊಟ್ಟಿರಲಿಲ್ಲ. ಮದ್ದು ಸರಿಯಾಗಿಯೇ ಇತ್ತು. ತಪ್ಪಿದ್ದು 'ಕೊಳೆರೋಗ' ಎಂಬ ಮಾತಿನಲ್ಲಿ. ಪುತ್ತೂರಿನಲ್ಲಿ ಕೊಳೆರೋಗ ಅಂದರೆ ಅಡಿಕೆಯದ್ದು. 'ಯಾವ ಬೆಳೆಗೆ?' ಅಂತ ಅವರು ಕೇಳಲಿಲ್ಲ, ಕಾಫಿಗೆ ಅಂತ ನಾನು ಹೇಳಲಿಲ್ಲ. ನಮ್ಮಿಬ್ಬರಿಗೂ ಅದು ಹೇಳಬೇಕಾದ ವಿಷಯ ಅಂತ ಅನ್ನಿಸಲೇ ಇಲ್ಲ.

ಹೆಸರು ಒಂದು, ಜೀವಿ ಎರಡು

ಆಮೇಲೆ ಕಾಫಿ ಮಂಡಳಿಯ ಒಬ್ಬರು ತೋಟಕ್ಕೆ ಬಂದಾಗ ಕೂರಿಸಿಕೊಂಡು ಬಿಡಿಸಿ ಹೇಳಿದರು. ಕಾಫಿಯ ಕೊಳೆರೋಗ ನಿಜವಾದ ಶಿಲೀಂಧ್ರದಿಂದ ಬರುವಂಥದ್ದು. ಬೂಷ್ಟಿನ ಎಳೆ ಎಲೆಯಿಂದ ಎಲೆಗೆ, ರೆಕ್ಕೆಯಿಂದ ರೆಕ್ಕೆಗೆ ಹಬ್ಬುತ್ತದೆ. ಸತ್ತ ಎಲೆ ಜೋತಾಡುವುದು ಆ ಎಳೆಯ ಹಿಡಿತದಲ್ಲೇ. ಅಡಿಕೆಯ ಕೊಳೆರೋಗ ತರುವುದು ಫೈಟೊಫ್ತೊರ ಎಂಬ ಜಾತಿ. ನೋಡಲು ಬೂಷ್ಟಿನ ಹಾಗೇ ಇದ್ದರೂ ಅದು ನಿಜವಾದ ಶಿಲೀಂಧ್ರ ಅಲ್ಲವಂತೆ. ನೀರಿನ ಪಾಚಿಗಳಿಗೆ ಹತ್ತಿರದ ಸಂಬಂಧಿ. ಅದಕ್ಕೇ ನೀರಲ್ಲಿ ಈಜಾಡುವ ಬೀಜಾಣು ಬಿಡುತ್ತದೆ. ನಮ್ಮ ಒಳ್ಳೆಮೆಣಸಿನ ಶೀಘ್ರ ಸೊರಗು ರೋಗ ತರುವುದೂ ಇದರ ದಾಯಾದಿಯೇ.

ಮ್ಯಾಂಡಿಪ್ರೊಪಮಿಡ್ ಈ ಫೈಟೊಫ್ತೊರ ಬಳಗಕ್ಕೆಂದೇ ಇರುವ ಮದ್ದು. ಕಾಫಿಯ ಕೊಳೆಗೆ ಅದು ನೀರು ಹೊಡೆದ ಹಾಗೆ. ತಿರುಗಿಸಿದರೂ ಅಷ್ಟೇ. ನಮ್ಮಲ್ಲಿ ಕಾಫಿ ಕೊಳೆಗೆ ಕಾರ್ಬೆಂಡಜಿಂ ಹೊಡೆಯುತ್ತಾರೆ. ಅದನ್ನು ಭಾವ ನನ್ನ ಮಾತು ಕೇಳಿ ಅಡಿಕೆಗೆ ಬಿಟ್ಟಿದ್ದರೆ ಅವರ ಗೊನೆಯೂ ಉಳಿಯುತ್ತಿರಲಿಲ್ಲ. ಎರಡಕ್ಕೂ ಆಗುವಂಥದ್ದು ಹಳೆಯ ಬೋರ್ಡೊ ದ್ರಾವಣ. ಅದೂ ಮಳೆ ಹಿಡಿಯುವ ಮೊದಲು. ಕಾಫಿಗಾದರೆ ಅದಕ್ಕಿಂತ ಮುಂಚೆ ಮರಗಸಿ ಮಾಡಿ ಬೆಳಕು ಬಿಡಬೇಕು, ಗಿಡದ ನಡು ಬಿಡಿಸಿ ಗಾಳಿಯಾಡಿಸಬೇಕು, ಗಿಡದ ಮೇಲೆ ಬಿದ್ದು ಕೂತ ಮರದ ತರಗೆಲೆ ಕೊಡವಬೇಕು. ಅಪ್ಪ ಮಾಡಿಸುತ್ತಿದ್ದದ್ದು ಇದನ್ನೇ.

ಈ ಗೊಂದಲ ನಾನೊಬ್ಬ ಮಾಡಿಕೊಂಡದ್ದಲ್ಲ, ಬಹಳ ಹಳೆಯದು ಅಂತ ತಿಳಿದು ಸ್ವಲ್ಪ ಸಮಾಧಾನವಾಯಿತು. ಕಾಫಿಯ ಈ ಬೂಷ್ಟಿಗೆ 1876ರಲ್ಲಿ ಇಂಗ್ಲೆಂಡಿನ ಎಂ. ಸಿ. ಕುಕ್ ಎಂಬ ತಜ್ಞ ವೈಜ್ಞಾನಿಕ ಹೆಸರಿಟ್ಟಾಗ 'ಪೆಲಿಕ್ಯುಲೇರಿಯ ಕೊಳೆರೋಗ' ಅಂತಲೇ ಇಟ್ಟರು. ನಮ್ಮ ಕನ್ನಡದ ಮಾತು ಹಾಗೇ ಲ್ಯಾಟಿನ್ ಹೆಸರಿನ ಬಾಲಕ್ಕೆ ಅಂಟಿಕೊಂಡಿತು. ಮುಂದೆ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಬರೆದರು. ಅವರೂ ಅದನ್ನು ಕೊಳೆರೋಗ ಅಂತಲೇ ಕರೆದರು. ಮಲೆನಾಡಿನ ರೈತರು ಹಾಗೆ ಕರೆಯುತ್ತಿದ್ದರಲ್ಲ! ಕಾಸರಗೋಡಿನ ಕಡೆ ಅದಕ್ಕೇ 'ಮಹಾಳಿ' ಅನ್ನುತ್ತಾರೆ. ನಾನು ಆ ಕಡೆಯ ಯಾರಿಗಾದರೂ ಫೋನ್ ಮಾಡಿದ್ದರೆ 'ಕೊಳೆಯಾ? ಅದೆಂಥದು?' ಅಂತ ಒಂದು ಮಾತು ಕೇಳುತ್ತಿದ್ದರೋ ಏನೋ, ನನ್ನ ದುಡ್ಡು ಉಳಿಯುತ್ತಿತ್ತು.

ಇನ್ನು 'ಕೂಳೆ' ಬೇರೆ ಇದೆ. ಕಬ್ಬು ಕಡಿದ ಮೇಲೆ ಬುಡದಿಂದ ಬರುವ ಎರಡನೇ ಬೆಳೆ. ಮಂಡ್ಯದ ರೈತನಿಗೆ 'ಕೂಳೆ ಚೆನ್ನಾಗಿ ಬಂದಿದೆ' ಎನ್ನುವುದು ಸಂತೋಷದ ಸುದ್ದಿ. ಫೋನಿನಲ್ಲಿ ಗೀಳಿಗೆ ಕೇಳಿಸಿಕೊಂಡರೆ ಅಯ್ಯೋ ಪಾಪ ಅನ್ನುತ್ತೇವೆ.

ಯಾವ ಸುಣ್ಣ?

ನನ್ನ ನಷ್ಟ ಒಂದು ಮೂಲೆಯ ಕಾಫಿಯಲ್ಲಿ ಮುಗಿಯಿತು. ಪಕ್ಕದ ತೋಟದ ಹಿರಿಯರಿಗೆ ಆದದ್ದು ಇನ್ನೂ ಬೇಸರದ್ದು. ಅವರನ್ನು ನಾವೆಲ್ಲ ಮಾವ ಅನ್ನುತ್ತೇವೆ.

ಬೋರ್ಡೊ ದ್ರಾವಣಕ್ಕೆ ಲೆಕ್ಕ ಎಲ್ಲರಿಗೂ ಬಾಯಿಪಾಠ: ಮೈಲುತುತ್ತು ಒಂದು ಕಿಲೊ, ಸುಣ್ಣ ಒಂದು ಕಿಲೊ, ನೀರು ನೂರು ಲೀಟರ್. ಮಾವ ಮೈಲುತುತ್ತು ತಂದರು. ಸುಣ್ಣ ಮನೆಯಲ್ಲೇ ಇತ್ತು, ಮಣ್ಣಿನ ಹುಳಿ ಕಡಿಮೆಯಾಗಲಿ ಅಂತ ತೋಟಕ್ಕೆ ಎರಚಲು ತಂದು ಉಳಿದ ಮೂಟೆ. ಚೀಲದ ಮೇಲೂ 'ಕೃಷಿ ಸುಣ್ಣ' ಅಂತ ಅಚ್ಚು ಹಾಕಿತ್ತು. ಕೃಷಿಗೇ ಅಂತ ಬರೆದಿರುವಾಗ ಇದಕ್ಕಿಂತ ಸರಿಯಾದ ಸುಣ್ಣ ಎಲ್ಲಿ ಸಿಗಬೇಕು? ಕಲಸಿ ಮೆಣಸಿನ ಬಳ್ಳಿಗೆ ಹೊಡೆಸಿದರು. ನಾಲ್ಕು ದಿನಕ್ಕೆ ಎಳೆ ಎಲೆಯೆಲ್ಲ ಸುಟ್ಟ ಕಲೆ. ಗೆರೆ ಬಿಡುವ ಕಾಲ, ಗೆರೆಯೂ ಉದುರಿತು.

ಕೃಷಿ ಸುಣ್ಣ ಅಂದರೆ ಸುಡದ ಸುಣ್ಣಕಲ್ಲಿನ ಪುಡಿ. ಮಣ್ಣಿನಲ್ಲಿ ನಿಧಾನಕ್ಕೆ ಕರಗಿ ಹುಳಿ ತೆಗೆಯುತ್ತದೆ. ಬೋರ್ಡೊಗೆ ಬೇಕಾದದ್ದು ಸುಟ್ಟ ಸುಣ್ಣ, ನೀರು ಹಾಕಿದರೆ ಕೊತಕೊತ ಕುದಿದು ಅರಳುವಂಥದ್ದು. ಅಥವಾ ಅರಳಿಸಿ ಒಣಗಿಸಿದ ಪುಡಿ. ಸುಡದ ಕಲ್ಲಿನ ಪುಡಿ ಮೈಲುತುತ್ತಿನ ಉರಿಯನ್ನು ತಡೆಯುವುದಿಲ್ಲ. ಆ ಉರಿಯೇ ಎಲೆಯನ್ನು ಸುಟ್ಟದ್ದು.

ಪತ್ತೆ ಮಾಡುವ ಉಪಾಯ ಹಳೆಯದೇ. ಹೊಳೆಯುವ ಹಾಗೆ ಉಜ್ಜಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆದು ನೋಡುವುದು. ಅಲಗಿಗೆ ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು ಅಂತ ಲೆಕ್ಕ. ಕತ್ತಿ ಕತ್ತಿಯ ಬಣ್ಣದಲ್ಲೇ ಇದ್ದರೆ ಹೊಡೆಯಬಹುದು. ಸುಣ್ಣದ ನೀರಿಗೆ ತುತ್ತಿನ ನೀರು ಹೊಯ್ಯಬೇಕು, ತಿರುಗಾ ಮುರುಗಾ ಮಾಡಬಾರದು. ಮಾವನಿಗೆ ಇದೆಲ್ಲ ಗೊತ್ತಿತ್ತು. 'ಸುಣ್ಣ ಸುಣ್ಣವೇ ಅಲ್ವಾ ಅಂತ ಕತ್ತಿ ಅದ್ದಲಿಲ್ಲ' ಅಂದರು.

ಎಲೆ ಅಡಿಕೆಗೆ ಹಚ್ಚುವುದೂ ಸುಣ್ಣ, ಗೋಡೆಗೆ ಬಳಿಯುವುದೂ ಸುಣ್ಣ, ಕರಾವಳಿಯಲ್ಲಿ ಚಿಪ್ಪು ಸುಟ್ಟು ಮಾಡುವುದೂ ಸುಣ್ಣ. ತುತ್ತು ಅಂದರೆ ಮಗುವಿನ ಬಾಯಿಗಿಡುವ ಅನ್ನ, ಮೈಲುತುತ್ತಿನ ತುತ್ತು ವಿಷ. ಒಂದೇ ಅಕ್ಷರ ಬರೆದು ಎರಡನ್ನೂ ಓದುತ್ತೇವಲ್ಲ!

ಅಡುಗೆಮನೆಯಲ್ಲೂ ಇದೇ ಪಾಡು

ತಂಗಿ ಮದುವೆಯಾಗಿ ಹೋದ ಹೊಸದರಲ್ಲಿ ಅತ್ತೆ 'ಮೆಣಸು ಕಡೆ' ಅಂದರಂತೆ. ಇವಳು ಕಾಳುಮೆಣಸು ಹಾಕಿ ಕಡೆದಿಟ್ಟಳು. ಆ ಕಡೆ ಬರೀ ಮೆಣಸು ಅಂದರೆ ಕೆಂಪು ಮೆಣಸಿನಕಾಯಿ. ಬಳ್ಳಿಯದ್ದು ಬೇಕಿದ್ದರೆ ಒಳ್ಳೆಮೆಣಸು ಅಂತ ಬಿಡಿಸಿ ಹೇಳಬೇಕು. ತುಳುವಿನಲ್ಲೂ ಮುಂಚಿ ಮೆಣಸಿನಕಾಯಿ, ಎಡ್ಡೆಮುಂಚಿ ನಮ್ಮ ಕಾಳುಮೆಣಸು. ಕೊಡವರಲ್ಲಿ ನಲ್ಲಮಳು. ಒಳ್ಳೆ, ಎಡ್ಡೆ, ನಲ್ಲ ಎಲ್ಲ ಒಂದೇ ಅರ್ಥದ ಮಾತು. ಬಳ್ಳಿಯ ಮೆಣಸು ಈ ನೆಲದ್ದು. ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಬಂದವನು ಮನೆಯ ಹೆಸರನ್ನೇ ಕಿತ್ತುಕೊಂಡ, ಮನೆಯವನು 'ಒಳ್ಳೆಯ' ಅಂತ ಸೇರಿಸಿಕೊಂಡು ಗುರುತು ಹೇಳಬೇಕಾಯಿತು.

ಪೋರ್ಚುಗೀಸರನ್ನು ಪರಂಗಿಯವರು ಅನ್ನುತ್ತಿದ್ದರಲ್ಲ, ಕೊಡಗಿನಲ್ಲಿ ಗಾಂಧಾರಿ ಮೆಣಸಿಗೆ ಪರಂಗಿಮಳು ಅನ್ನುತ್ತಾರೆ. ಹುಣಸೂರು ಕಡೆಗೆ ಹೋಗಿ ಪರಂಗಿ ಕೇಳಿ, ಪಪ್ಪಾಯಿ ಹಣ್ಣು ಕೊಡುತ್ತಾರೆ. ಅದೂ ಅದೇ ಹಡಗಿನ ಪ್ರಯಾಣಿಕ. ನಡುವೆ ಇರುವುದು ಆನೆಚೌಕೂರಿನ ಕಾಡು ಮಾತ್ರ. ಈ ಕಡೆ ತಿಂದರೆ ಕಣ್ಣಲ್ಲಿ ನೀರು, ಆ ಕಡೆ ತಿಂದರೆ ಸಿಹಿ.

ಧಾರವಾಡ ಕೃಷಿಮೇಳಕ್ಕೆ ಹೋಗಿದ್ದಾಗ ಒಂದು ಮನೆಯಲ್ಲಿ ರೊಟ್ಟಿ ಬಡಿಸಿ, 'ಶೇಂಗಾ ಹಿಂಡಿ ಹಾಕ್ಕೊಳ್ರಿ' ಅಂದರು. ನಾನು ಗಾಬರಿ. ನಮ್ಮಲ್ಲಿ ಕಡಲೆಕಾಯಿ ಹಿಂಡಿ ದನಕ್ಕೆ ಇಡುವುದು! ಅವರಲ್ಲಿ ಹಿಂಡಿ ಅಂದರೆ ಚಟ್ನಿಪುಡಿ. ಎರಡು ರೊಟ್ಟಿ ಹೆಚ್ಚೇ ತಿಂದೆ.

ನಾಟಿ ಅನ್ನುವ ಮಾತಿನಲ್ಲಿ ನಗುವ ವಿಷಯ ಕಡಿಮೆ. ನಾಡಿನದ್ದು ಎಂಬ ನಾಟಿ ಬೇರೆ (ನಾಟಿ ಕೋಳಿ, ನಾಟಿ ಹಸು), ನೆಡುವ ನಾಟಿ ಬೇರೆ. ಪಿರಿಯಾಪಟ್ಟಣ ಕಡೆಯ ನಮ್ಮ ಸೋದರತ್ತೆ 'ನಾಟಿ ಬತ್ತದ ಬೀಜ ಇದ್ದರೆ ಕಳಿಸಿ' ಅಂತ ಇಲ್ಲಿಯ ಒಬ್ಬರಿಗೆ ಹೇಳಿ ಕಳಿಸಿದರು. ಅವರಿಗೆ ಬೇಕಿದ್ದದ್ದು ಹಳೆಯ ತಳಿ. ಇವರು ಕಳಿಸಿದ್ದು ನಾಟಿ ಮಾಡಿದ ಗದ್ದೆಯ ಬತ್ತ, ತಳಿ ಹೈಬ್ರಿಡ್. ಹೈಬ್ರಿಡ್ ಬೆಳೆಯಿಂದ ಎತ್ತಿಟ್ಟ ಬೀಜ ಮುಂದಿನ ವರ್ಷ ಏಕಪ್ರಕಾರ ಬರುವುದಿಲ್ಲ. ಒಂದು ಎತ್ತರ, ಒಂದು ಗಿಡ್ಡ, ಒಂದು ಬೇಗ, ಒಂದು ತಡ. ಅತ್ತೆಯ ಗದ್ದೆಯ ಒಂದು ಹಂಗಾಮು ಹೀಗೆ ಹೋಯಿತು.

ಮದ್ದು ಹೊಡೆದ ಜಾಗದ ಮದ್ದುಸೊಪ್ಪು

ಇದನ್ನು ಸ್ವಲ್ಪ ಒತ್ತಿ ಹೇಳಬೇಕು. ಕೊಡಗಿನಲ್ಲಿ ಮದ್ದು ಅಂದರೆ ಡಾಕ್ಟರು ಕೊಡುವುದೂ ಹೌದು, ತೋಟಕ್ಕೆ ಹೊಡೆಯುವುದೂ ಹೌದು, ಕೋವಿಗೆ ತುಂಬುವುದೂ ಹೌದು. ಯಾರೋ ಯಾರಿಗೋ ಊಟದಲ್ಲಿ ಹಾಕಿದರು ಅಂತ ಪಿಸುಗುಟ್ಟುವುದೂ ಮದ್ದೇ. ಇದರ ಮೇಲೆ ಕಕ್ಕಡ ಹದಿನೆಂಟರ ಮದ್ದು. ಆಗಸ್ಟ್ 3ರ ಆಸುಪಾಸಿಗೆ ಬರುತ್ತದೆ. ಆ ದಿನ ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಗುಣ ತುಂಬಿರುತ್ತದೆ ಎಂಬ ನಂಬಿಕೆ. ಸೊಪ್ಪು ಬೇಯಿಸಿದ ನೇರಳೆ ಬಣ್ಣದ ನೀರಿನಲ್ಲಿ ಪಾಯಸ ಮಾಡುತ್ತೇವೆ. ಮಾರನೇ ದಿನ ಮೂತ್ರ ಕೆಂಪಗೆ ಹೋಗುತ್ತದೆ, ಹೊಸಬರು ಹೆದರುತ್ತಾರೆ. ಸುಳ್ಯದ ಕಡೆ ಇದಕ್ಕೇ ಆಟಿಸೊಪ್ಪು ಅನ್ನುತ್ತಾರೆ.

ಈ ಸೊಪ್ಪು ಬೆಳೆಯುವುದು ಎಲ್ಲಿ? ತೋಟದ ಅಂಚಿನ ನೆರಳಿನಲ್ಲಿ, ತೋಡಿನ ಬದಿಯಲ್ಲಿ. ಕಳೆನಾಶಕ ಬೀಳುವುದೂ ಅಲ್ಲೇ. ಒಂದು ವರ್ಷ ನಮ್ಮ ಬೇಲಿಯ ಹೊರಗೆ ಇಬ್ಬರು ಹುಡುಗಿಯರು ಸೊಪ್ಪು ಕೊಯ್ಯುತ್ತಿದ್ದರು. 'ಅಲ್ಲಿ ಮದ್ದುಂಟು' ಅಂತ ನಾನು ಮನೆಯಿಂದಲೇ ಕೂಗಿದೆ. ಅವರು 'ಹೌದು ಮಾಮ, ತುಂಬಾ ಉಂಟು' ಅಂತ ನಗುತ್ತ ಇನ್ನಷ್ಟು ಕೊಯ್ದರು. ಓಡಿ ಹೋಗಿ ಚೀಲ ಖಾಲಿ ಮಾಡಿಸಿದೆ. ಹಿಂದಿನ ವಾರ ಅಲ್ಲಿ ಕಳೆಗೆ ಹೊಡೆಸಿದ್ದೆ. ಅಂದಿನಿಂದ ಜುಲೈ ಬಂದರೆ ಆ ಅಂಚಿಗೆ ಹೊಡೆಸುವುದಿಲ್ಲ, ಕತ್ತಿಯಲ್ಲಿ ಸವರಿಸುತ್ತೇನೆ. ಮನೆಯಲ್ಲಿ ಎಲ್ಲರೂ ಹೊಡೆಯುವ ಮದ್ದಿಗೆ 'ವಿಷ' ಅಂತಲೇ ಅನ್ನಬೇಕು ಅಂತ ಕಟ್ಟಪ್ಪಣೆ ಮಾಡಿದ್ದೇನೆ. ಹೆಂಡತಿಗೆ ಆ ಮಾತು ಹಿಡಿಸಿಲ್ಲ, ಇರಲಿ.

ಪಣಿ, ಪನಿ, ಪಾನಿ

ತಿತಿಮತಿ ಬಸ್ ಸ್ಟಾಂಡಿನಲ್ಲಿ ಒಂದು ಚಹಾ ಕುಡಿಯುವಷ್ಟರಲ್ಲಿ ಐದಾರು ಭಾಷೆ ಕಿವಿಗೆ ಬೀಳುತ್ತದೆ. ಕನ್ನಡ, ಕೊಡವ ತಕ್ಕ್, ಮಲೆಯಾಳ, ಯರವರ ಮಾತು, ಜೇನುಕುರುಬರ ನುಡಿ. ಈಗ ಅಸ್ಸಾಮಿನಿಂದ ಬಂದ ಕೆಲಸಗಾರರ ಮಾತೂ ಸೇರಿದೆ. ಕೊಡವ ತಕ್ಕ್‌ನಲ್ಲೂ ಮಲೆಯಾಳದಲ್ಲೂ ಪಣಿ ಅಂದರೆ ಕೆಲಸ. ಮಲೆಯಾಳದಲ್ಲೇ ಪನಿ ಅಂದರೆ ಜ್ವರ. ಅಸ್ಸಾಮಿನವರಿಗೆ ಪಾನಿ ಅಂದರೆ ನೀರು. ಒಂದು ಬೆಳಿಗ್ಗೆ ನಮ್ಮ ಕೆಲಸದವನು ಗುಡಿಸಲ ಬಾಗಿಲಲ್ಲಿ ಕೂತು 'ಪನಿ, ಪನಿ' ಅಂದ. ನಾನು 'ಪಣಿ ಉಂಟು, ಬೇಗ ಬಾ' ಅಂದೆ. ಪಕ್ಕದಲ್ಲಿದ್ದ ಅಸ್ಸಾಮಿನ ಹುಡುಗ ಒಂದು ಚೊಂಬು ನೀರು ತಂದುಕೊಟ್ಟ. ಮೂವರಲ್ಲಿ ಆ ರೋಗಿಗೆ ಉಪಕಾರವಾದದ್ದು ತಪ್ಪು ತಿಳಿದ ಹುಡುಗನಿಂದಲೇ!

ಊರಿನ ಸುತ್ತ ಇರುವ ಹಾಡಿಗಳ ಮಾತೂ ಹಾಗೇ. ಇಲ್ಲಿ ಹಾಡಿ ಅಂದರೆ ಜೇನುಕುರುಬರು, ಯರವರು ಇರುವ ಕೇರಿ. ಕುಂದಾಪುರದ ಕಡೆ ಹಾಡಿ ಅಂದರೆ ಮರ ತುಂಬಿದ ಕಾಡು. ಆ ಕಡೆಯ ಒಬ್ಬ ಗೆಳೆಯ 'ಹಾಡಿಗೆ ರಸ್ತೆ ಬೇಕು' ಎಂಬ ಸುದ್ದಿ ಓದಿ, ಕಾಡಿಗೆ ಯಾಕಪ್ಪ ರಸ್ತೆ, ಕಡಿಯಲಿಕ್ಕಾ ಅಂತ ಕೇಳಿದ್ದ.

ಜಮೀನಿನ ಮಾತಿಗೆ ಬಂದರೆ ಇನ್ನೂ ಎಚ್ಚರ ಬೇಕು. ಮೈಸೂರು ಕಡೆಯವರು ಗುಂಟೆ ಅನ್ನುತ್ತಾರೆ, ಎಕರೆಗೆ ನಲವತ್ತು. ನಾವು ಸೆಂಟ್ ಅನ್ನುತ್ತೇವೆ, ಎಕರೆಗೆ ನೂರು. ಒಂದು ಗುಂಟೆಗೆ ಎರಡೂವರೆ ಸೆಂಟ್. ಹಳಬರು ಗದ್ದೆಯನ್ನು ಬಟ್ಟಿಯಲ್ಲಿ ಹೇಳುತ್ತಿದ್ದರು, ನೂರು ಬಟ್ಟಿ ಅಂದರೆ ಸುಮಾರು ಮೂರು ಎಕರೆ. ಹೊರಗಿನವರಿಗೆ ಬಟ್ಟಿ ಅಂದರೆ ಸಾರಾಯಿ ಇಳಿಸುವುದು. ಬರೆ ಅಂದರೆ ಕೈಬರಹ ಅಲ್ಲ, ಕಾಯಿಸಿ ಹಾಕುವ ಬರೆಯೂ ಅಲ್ಲ, ಮನೆಯ ಹಿಂದಿನ ಕಡಿದಾದ ದಿಬ್ಬ. ಮಳೆಗಾಲದಲ್ಲಿ 'ಬರೆ ಜಾರಿತು' ಅಂತ ಕೂಗಿದರೆ ಮೊದಲು ಹೊರಗೆ ಓಡಬೇಕು. ಜಮ್ಮ ಎನ್ನುವುದು ಜನ್ಮದಿಂದ ಬಂದ ಮಾತು, ವಂಶದ ಹಕ್ಕಿನ ಭೂಮಿ. ಕಚೇರಿ ಲೆಕ್ಕದ ಜಮಾ ಬೇರೆ. ಗದ್ದೆಗೆ ಸೊಪ್ಪು, ಮನೆಗೆ ಸೌದೆ, ದನಕ್ಕೆ ಮೇವು ಅಂತ ಬಿಟ್ಟ ಬಾಣೆಯ ಅರ್ಥ ಏನು, ಹಕ್ಕು ಎಷ್ಟು ಎಂದು ಕೋರ್ಟಿನಲ್ಲಿ ವರ್ಷಗಟ್ಟಲೆ ವಾದವೇ ನಡೆದಿದೆ. ಕೊಡಗಿನ ಹೊರಗಿನವರು ಇಲ್ಲಿ ಜಾಗ ನೋಡಲು ಬಂದಾಗ ನಾನು ಹೇಳುವುದಿಷ್ಟೇ: ಪಹಣಿಯಲ್ಲಿರುವ ಮಾತನ್ನು ನಿಮ್ಮೂರಿನ ಅರ್ಥದಲ್ಲಿ ಓದಬೇಡಿ, ತಿಳಿದ ಇಲ್ಲಿಯವರೊಬ್ಬರಲ್ಲಿ ಓದಿಸಿ.

ಭಾವನ ಫೋನು

ಈಗ ಭಾವನೂ ನಾನೂ ಒಂದು ಕ್ರಮ ಇಟ್ಟುಕೊಂಡಿದ್ದೇವೆ. ರೋಗದ ಹೆಸರು ಹೇಳುವುದಿಲ್ಲ. ಯಾವ ಬೆಳೆ, ಎಲೆಯೋ ಕಾಯಿಯೋ ಬುಡವೋ, ಬಣ್ಣ ಏನು, ವಾಸನೆ ಉಂಟೋ, ಮಳೆ ಎಷ್ಟು ದಿನ ಬಂತು, ಇಷ್ಟು ಹೇಳಿದ ಮೇಲೆಯೇ ಹೆಸರು. ಮದ್ದಿನದ್ದೂ ಹಾಗೇ. ಅಂಗಡಿಯ ಹೆಸರು ಬೇಡ, ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿರುವ ಒಳಗಿನ ವಸ್ತುವಿನ ಹೆಸರು ಓದಿ ಹೇಳಬೇಕು. ಮೊಬೈಲಿನಲ್ಲಿ ಫೋಟೊ ಕಳಿಸಿದರೆ ಇನ್ನೂ ಒಳ್ಳೆಯದು.

ಹೋದ ಮಳೆಗಾಲ ಭಾವನ ಫೋನು ಬಂತು. ಸ್ವರ ಸಣ್ಣಗಿತ್ತು.

"ಭಾವ, ನಮ್ಮಲ್ಲಿ ಕೊಳೆ ಸುರು ಆಯ್ತು."

"ಎಲೆಯಾ, ಕಾಯಿಯಾ?"

"ಈ ಸಲ ಎರಡೂ ಉಂಟು. ಅದೇ ಕೊಳೆ ಎಲೆಗೂ ಏರಿದ್ದು ಕಾಣ್ತದೆ. ಕಾಯಿಗೆ ಬಿಟ್ಟದ್ದನ್ನೇ ಮೇಲೆ ಸೋಗೆಗೂ ಬಿಡುವಾ ಅಂತ."

"ನಿಲ್ಲಿ ಭಾವ. ಒಂದು ಫೋಟೊ ಕಳಿಸಿ."

ಕಳಿಸಿದರು. ಸೋಗೆಯ ತುಂಬ ಕಂದು ಚುಕ್ಕಿ, ಚುಕ್ಕಿಯ ಸುತ್ತ ಹಳದಿ ಉಂಗುರ. ಅದು ಕೊಳೆ ಅಲ್ಲ, ಈಗ ಮಲೆನಾಡಿನಿಂದ ಕರಾವಳಿಯ ತನಕ ಅಡಿಕೆಯವರನ್ನು ಕಾಡುತ್ತಿರುವ ಎಲೆಚುಕ್ಕಿ ರೋಗದ ಹಾಗೆ ಕಂಡಿತು. ಅದರ ಶಿಲೀಂಧ್ರಗಳೇ ಬೇರೆ, ಮದ್ದೂ ಬೇರೆ. ಅದೇ ಫೋಟೊವನ್ನು ವಿಟ್ಲದ ಸಂಶೋಧನಾ ಕೇಂದ್ರದಲ್ಲಿ ತೋರಿಸಲು ಹೇಳಿದೆ. ಮಾರನೇ ದಿನ ಭಾವ ರೋಗ ಹಿಡಿದ ಸೋಗೆಯ ತುಂಡು ಹಿಡಿದುಕೊಂಡು ಬಸ್ಸು ಹತ್ತಿದರು.